ಮುಲ್ಗಾರಿ ಶೆಡ್ಡಿನ ತೆಳು ಕಟ್ಟರ್

"ಯಾರು ಮಾಡಿದ್ದು ಅಂತ ನಂಗೊತ್ತು, ಹೊರೇಸ್. ನೀನು ಅದನ್ನ ಸಾಬೀತು ಮಾಡಿಕೊಡು, ಸಾಕು."

ಫರ್ಗಸ್ ಕ್ವಿಲ್ಟಿ ಸಾಣೆಕೋಣೆಯ ಬಾಗಿಲಲ್ಲಿ ನಿಂತು ಹೀಗೆಂದಾಗ ಬೆಳಗಿನ ಏಳು ಗಂಟೆ. ಅವನ ಅಂಗಿಯ ತೋಳಿನ ಮೇಲೆ ಹಿಂದಿನ ದಿನದ ರಕ್ತ ಹಾಗೇ ಒಣಗಿತ್ತು. ಅದು ಅವನ ಮಗ ನೆವಿಲ್‌ನ ರಕ್ತ. ಮುದುಕ ಕಣ್ಣು ಮುಚ್ಚಿಲ್ಲವೆಂದು ತಿಳಿಯಲು ಪತ್ತೇದಾರ ಬೇಕಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಮಾತಾಡುವಾಗ ಅವನ ಬಲಗೈ ಹೆಬ್ಬೆರಳು ವೇಸ್ಟ್‌ಕೋಟಿನ ಜೇಬಿಗೆ ಹೋಗಿ, ಏನೂ ಸಿಗದೆ ಹೊರಬಂದು, ಮತ್ತೆ ಒಳಗೆ ಹೋಗುತ್ತಿತ್ತು.

"ಕೂತ್ಕೋ ಫರ್ಗಸ್," ಎಂದ ಹೊರೇಸ್ ಪೆಂಡ್ರಿ. "ನೆವಿಲ್ ಹೇಗಿದ್ದಾನಂತೆ?"

"ಬೆಳಿಗ್ಗೆ ರೇಡಿಯೋದಲ್ಲಿ ಡಾಕ್ಟ್ರು ಹೇಳಿದ್ರು. ಪ್ರಾಣಕ್ಕೇನಿಲ್ವಂತೆ. ಎಡಗೈ ಮಣಿಕಟ್ಟಲ್ಲಿ ನರ, ಸ್ನಾಯು ಎಲ್ಲ ಕತ್ತರಿಸಿ ಹೋಗಿದೆ. ಕೈ ಇರುತ್ತಂತೆ, ಸುಮ್ನೆ ನೇತಾಡ್ತಾ." ಮುದುಕ ತನ್ನ ಎಡಗೈ ಎತ್ತಿ ತೋರಿಸಿದ. "ಇಪ್ಪತ್ತಾರು ವರ್ಷ ಕಣೋ ಅವನಿಗೆ. ಎಡಗೈ ಇಲ್ಲದೋನು ಕುರೀನ ಯಾವುದರಲ್ಲಿ ಹಿಡೀತಾನೆ, ಹಲ್ಲಲ್ಲಾ?"

ಹೊರೇಸ್ ನಮ್ಮ ತಂಡದ ಸಾಣೆಗಾರ. ಉಣ್ಣೆ ಕತ್ತರಿಸುವವರ ಬಾಚಣಿಗೆ, ಕಟ್ಟರುಗಳನ್ನು ಹರಿತ ಮಾಡಿಕೊಡುವುದು ಅವನ ಕೆಲಸ. ಆದರೆ ಪಾರೂ ನದಿಯಿಂದ ಡಾರ್ಲಿಂಗ್ ನದಿಯವರೆಗೆ ಯಾವ ಉಣ್ಣೆ ಶೆಡ್ಡಿನಲ್ಲಿ ಏನು ಕಳೆದರೂ, ಯಾರ ಚಹಾದಲ್ಲಿ ಸೀಮೆಎಣ್ಣೆ ಬಿದ್ದರೂ ಜನ ಅವನ ಕೋಣೆಗೇ ಬರುತ್ತಿದ್ದರು. ನಾನು ಕ್ಲೆಮ್, ಉಣ್ಣೆ ಒತ್ತಿ ಮೂಟೆ ಕಟ್ಟುವವನು. ಹದಿನಾಲ್ಕು ವರ್ಷ ಅವನ ಬೆನ್ನಿಗೆ ಅಂಟಿಕೊಂಡಿದ್ದೇನೆ. ಬುದ್ಧಿ ಅವನದು, ಬಾಯಿ ನನ್ನದು. ಮುಲ್ಗಾರಿ ಶೆಡ್ಡಿನ ಈ ಐವತ್ತಾರನೇ ಇಸವಿಯ ಆಗಸ್ಟಿನ ಸಂಗತಿಯನ್ನು ಮಾತ್ರ ಬಾಯಿ ಬಿಟ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

"ಹೇಮಿನೇ," ಎಂದ ಫರ್ಗಸ್. "ಊಟದ ಹೊತ್ತಲ್ಲಿ ಅವನು ನನ್ನ ಮಗನ ಕೈಯಂತ್ರ ಮುಟ್ಟಿದ್ದನ್ನ ಮೂರು ಜನ ನೋಡಿದ್ದಾರೆ. ಡಗಾಲ್ ಇವತ್ತು ನಾಲ್ಕು ಗಂಟೆ ರೇಡಿಯೋದಲ್ಲಿ ಅವನ ಹೆಸರು ಹೇಳ್ತಾನೆ. ನೀನು ಸಾಣೆಗಾರ. ನೀನು ಒಂದು ಮಾತು ಹೌದು ಅಂದ್ರೆ ಯಾರೂ ಎದುರು ಮಾತಾಡಲ್ಲ."

ಡಗಾಲ್ ರೀಡ್ ನಮ್ಮ ಗುತ್ತಿಗೆದಾರ. ಟೆಲಿಫೋನಿಲ್ಲದ ಆ ಕಡೆ ಗುಂಡಿ ಒತ್ತಿ ಎರಡೂ ಕಡೆಯಿಂದ ಮಾತಾಡುವ ರೇಡಿಯೋವೇ ಗತಿ. ನಾಲ್ಕು ಗಂಟೆಯ ರೇಡಿಯೋ ಎಂದರೆ ಸುತ್ತ ಇನ್ನೂರು ಮೈಲಿಯ ಪ್ರತಿ ಮನೆ, ಪ್ರತಿ ಶೆಡ್ಡು ಕಿವಿಗೊಟ್ಟು ಕೂರುವ ಹೊತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿ ಹೇಮಿಯ ಹೆಸರು ಒಮ್ಮೆ ಬಿದ್ದರೆ ಅವನಿಗೆ ಇನ್ನು ಯಾವ ಶೆಡ್ಡಿನ ಬಾಗಿಲೂ ತೆರೆಯುವುದಿಲ್ಲ.

"ನೋಡ್ತೀನಿ," ಎಂದ ಹೊರೇಸ್. "ಆದ್ರೆ ಕಂಡಿದ್ದನ್ನ ಹೇಳ್ತೀನಿ ಫರ್ಗಸ್. ಕೇಳಿದ್ದನ್ನಲ್ಲ."

"ಅಷ್ಟೇ ಬೇಕಾಗಿರೋದು ನಂಗೆ," ಎಂದ ಮುದುಕ. ಪಾಪ, ಮನಸ್ಸಾರೆ ಹೇಳಿದ.

ಹಿಂದಿನ ದಿನ ನಡೆದದ್ದು ಇಷ್ಟು. ಕತ್ತರಿಸುವವರು ನಿಲ್ಲುವ ಸಾಲಿನಲ್ಲಿ ಮೂರನೇ ಸ್ಥಾನದಲ್ಲಿ ನೆವಿಲ್, ಅವನ ಪಕ್ಕ ನಾಲ್ಕನೆಯದರಲ್ಲಿ ನ್ಯೂಜಿಲೆಂಡಿನ ಮಾವೊರಿ ಮೂಲನಿವಾಸಿ ಹೇಮಿ ಪರಾಟೆನೆ. ಇಬ್ಬರಿಗೂ ವಾರದಿಂದ ಜಿದ್ದು. ಅಂದು ನೆವಿಲ್ ಇನ್ನೂರು ಕುರಿ ಮುಗಿಸುತ್ತೇನೆಂದು ಪಣ ತೊಟ್ಟಿದ್ದ. ಊಟದ ಗಂಟೆ ಹೊಡೆದಾಗ ಅವನದು ನೂರಾ ನಾಲ್ಕು, ಹೇಮಿಯದು ನೂರಾ ಮೂರು. ಒಂದು ಗಂಟೆಗೆ ಮತ್ತೆ ಕೆಲಸ ಶುರುವಾಯಿತು. ನೆವಿಲ್ ಆಗಷ್ಟೇ ಸಾಣೆ ಹಿಡಿದು ಬಂದ ಕಟ್ಟರ್ ಹಾಕಿಕೊಂಡು ಮೂರು ಕುರಿ ಮುಗಿಸಿ ನಾಲ್ಕನೆಯದನ್ನು ಎಳೆದು ತಂದ.

ಉಣ್ಣೆ ಕತ್ತರಿಸುವ ಕೈಯಂತ್ರದಲ್ಲಿ ಕೆಳಗೆ ಬಾಚಣಿಗೆ ಅಲ್ಲಾಡದೆ ಕೂತಿರುತ್ತದೆ, ಅದರ ಮೈಮೇಲೆ ಕಟ್ಟರ್ ಅತ್ತಿತ್ತ ಓಡುತ್ತದೆ. ಆ ಓಟಕ್ಕೆ ನಡುವೆ ತಡೆ ಬಿದ್ದರೆ ಕಟ್ಟರ್ ಬಾಚಣಿಗೆಯನ್ನು ಕಚ್ಚುತ್ತದೆ, ಒಳಗೆ ತಿರುಗಬೇಕಾದ ಬಲವೆಲ್ಲ ಹೊರಗೆ ಬಂದು ಇಡೀ ಯಂತ್ರವೇ ಕೈಯಿಂದ ಕಿತ್ತುಕೊಂಡು ಗಿರಗಿರನೆ ಸುತ್ತುತ್ತದೆ. ನೆವಿಲ್‌ಗೆ ಆದದ್ದು ಅದೇ. ಹಗ್ಗ ಎಳೆದು ಯಂತ್ರ ನಿಲ್ಲಿಸಿದವನು ಹೇಮಿ. ತನ್ನ ಅಂಗಿ ಹರಿದು ಗಾಯ ಕಟ್ಟಿದವನೂ ಅವನೇ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಅದನ್ನು ಎಲ್ಲರೂ ಮರೆತಿದ್ದರು. ವಿಮಾನದಲ್ಲಿ ಡಾಕ್ಟರು ಬಂದು ನೆವಿಲ್‌ನನ್ನು ಒಯ್ದರು; ಅಪ್ಪನಿಗೆ ಅದರಲ್ಲಿ ಜಾಗವಿರಲಿಲ್ಲ.

ಫರ್ಗಸ್ ಹೋದಮೇಲೆ ಹೊರೇಸ್ ಬೀರುವಿನಿಂದ ನೆವಿಲ್‌ನ ಕೈಯಂತ್ರ ತೆಗೆದ. ಅಪಘಾತವಾದ ಕೂಡಲೇ ಅದನ್ನೂ ನೆವಿಲ್‌ನ ಕಟ್ಟರ್ ತಂತಿಯನ್ನೂ ಅವನು ಬೀಗ ಹಾಕಿಟ್ಟಿದ್ದ. ಬಾಚಣಿಗೆಯ ತಿರುಪುಗಳನ್ನು ಬಿಚ್ಚಲು ಅವನು ಎರಡೂ ಕೈ ಹಾಕಿ ತಿಣುಕಬೇಕಾಯಿತು. ಬಾಚಣಿಗೆಯ ಮೇಲೆ ಕೂದಲಿನಷ್ಟು ಸಣ್ಣ, ಬಾಗಿದ ಎರಡು ಗೀರುಗಳಿದ್ದವು.

"ತಂತಿಯಲ್ಲಿ ಎಷ್ಟಿವೆ ಎಣಿಸು," ಎಂದ.

ಪ್ರತಿಯೊಬ್ಬನ ಕಟ್ಟರುಗಳೂ ಒಂದು ತಂತಿಗೆ ಪೋಣಿಸಿರುತ್ತವೆ. ಎಲ್ಲರಿಗೂ ಇಪ್ಪತ್ನಾಲ್ಕು. ಊಟದ ಹೊತ್ತಿಗೆ ತಂತಿ ಸಾಣೆಕೋಣೆಗೆ ಬರುತ್ತದೆ, ಹರಿತವಾಗಿ ವಾಪಸು ಹೋಗುತ್ತದೆ. ನಾನು ಎಣಿಸಿದೆ.

"ಇಪ್ಪತ್ನಾಲ್ಕು. ಸರಿಯಾಗಿದೆ."

"ಸರಿಯಾಗಿದೆಯಾ?" ಎಂದು ಅವನು ನನ್ನನ್ನೇ ನೋಡಿದ. ಹೌದೆಂದೆ. ನನ್ನ ತಲೆಯ ಬಗ್ಗೆ ಹೆಚ್ಚು ಹೇಳುವುದು ಬೇಡ.

ಆಮೇಲೆ ಅವನು ಯಂತ್ರದಲ್ಲಿದ್ದ ಕಟ್ಟರನ್ನು ಬೆರಳ ಮೇಲಿಟ್ಟು ತೂಗಿದ. ತೆಳ್ಳಗೆ, ಈರುಳ್ಳಿ ಸಿಪ್ಪೆಯ ಹಾಗಿತ್ತು. ಇಂಥವನ್ನು ಅವನು ಕಂಡ ಕೂಡಲೇ ರದ್ದಿ ಡಬ್ಬಕ್ಕೆ ಎಸೆಯುತ್ತಿದ್ದ. ಹಳಬರು ಅದಕ್ಕಾಗಿ ಅವನನ್ನು ಬೈಯುತ್ತಿದ್ದರು, ಏಕೆಂದರೆ ಕಟ್ಟರ್ ತೆಳುವಾದಷ್ಟೂ ತಂಪು, ತಂಪಾದಷ್ಟೂ ಓಟ ಸಲೀಸು ಎಂಬುದು ಅವರ ನಂಬಿಕೆ. ಹೊರೇಸ್ ಕಟ್ಟರನ್ನು ತಿರುಗಿಸಿದ. ಬೆನ್ನಿನ ಕಡೆ ಸಾಣೆ ತಾಗುವುದಿಲ್ಲ, ಅಲ್ಲಿ ತಯಾರಕರ ಮುದ್ರೆ ಹಾಗೇ ಉಳಿದಿರುತ್ತದೆ. ಇದರಲ್ಲಿ ಮುದ್ರೆಯೇ ಇರಲಿಲ್ಲ. ಹಳೆಯ ನಾಣ್ಯದಂತೆ ನುಣ್ಣಗೆ ಸವೆದು ಕಂದಾಗಿತ್ತು.

ಕೊನೆಗೆ ಭೂತಗನ್ನಡಿ ತಂದು ಹರಿತದ ಕಡೆಯನ್ನು ನೋಡಿದ. ಬಹಳ ಹೊತ್ತು ನೋಡಿದ. ಮೊನ್ನೆ ಸಂಜೆ ಸಾಣೆಚಕ್ರಕ್ಕೆ ಅಂಟಿಸುವ ಒರಟು ಕುರುಂದದ ಹಾಳೆ ಮುಗಿದು, ನಿನ್ನೆ ಮಧ್ಯಾಹ್ನ ಮೊದಲ ಬಾರಿಗೆ ನಯವಾದ ಹಾಳೆ ಅಂಟಿಸಿದ್ದ. ಆ ಹಾಳೆ ಲೋಹದ ಮೇಲೆ ಬಿಡುವ ಎಳೆಗಳು ಎಷ್ಟು ಸಣ್ಣವೆಂದರೆ ಬರಿಗಣ್ಣಿಗೆ ಕಾಣುವುದಿಲ್ಲ. ಹೊರೇಸ್ ಕನ್ನಡಿ ಕೆಳಗಿಟ್ಟು ಮುಖ ಉಜ್ಜಿಕೊಂಡ.

"ಏನ್ ಕಂಡಿತು?" ಎಂದೆ.

"ಸಣ್ಣ ಎಳೆಗಳು," ಎಂದ.

ನಾವು ಬಿಡಾರಕ್ಕೆ ಹೋದಾಗ ಹೇಮಿ ತನ್ನ ಮಂಚದ ಮೇಲೆ ಸಾಮಾನು ಕಟ್ಟುತ್ತಿದ್ದ. ಯಾರೂ ಅವನ ಜತೆ ಮಾತಾಡುತ್ತಿರಲಿಲ್ಲ. ಅಡುಗೆಯವನು ಅವನ ಪಾಲಿನ ಮಾಂಸವನ್ನು ತಟ್ಟೆಗೆ ಬಡಿಸದೆ ಮೇಜಿನ ಮೇಲೇ ಇಟ್ಟಿದ್ದನಂತೆ.

"ಮುಟ್ಟಿದೆ, ನಿಜ," ಎಂದ ಹೇಮಿ. "ಯಂತ್ರ ಬಿಸಿಯಾಗಿತ್ತು, ಎಣ್ಣೆ ಆರಿತ್ತು. ಎರಡು ಹನಿ ಬಿಟ್ಟೆ. ನಮ್ಮ ಕಡೆ ಪಕ್ಕದೋನಿಗೆ ಹಾಗೆ ಮಾಡ್ತೀವಪ್ಪ. ಜಿದ್ದಿಗೆ ಬಿದ್ದಿದ್ರೂ ಮಾಡ್ತೀವಿ."

"ನಮ್ಮ ಕಡೆ ಇನ್ನೊಬ್ಬನ ಯಂತ್ರ ಮುಟ್ಟೋದು ಇನ್ನೊಬ್ಬನ ಹೆಂಡ್ತಿ ಮುಟ್ಟಿದ ಹಾಗೆ," ಎಂದೆ ನಾನು.

"ಈಗ ಗೊತ್ತಾಯ್ತು." ಅವನು ನಗಲಿಲ್ಲ. "ಹೊರೇಸ್, ನಂಗೆ ಮನೇಲಿ ನಾಲ್ಕು ಮಕ್ಕಳು. ಕುರಿ ಕತ್ತರಿಸೋದು ಬಿಟ್ರೆ ನಂಗೇನೂ ಬರಲ್ಲ. ಅವರು ರೇಡಿಯೋದಲ್ಲಿ ನನ್ನ ಹೆಸರು ಹೇಳಿಬಿಟ್ರೆ..."

"ನೀನು ಮುಟ್ಟಿದಾಗ ಅವನ ಕಟ್ಟರ್ ತಂತಿ ಗೂಟದ ಮೇಲಿತ್ತಾ?"

"ಇಲ್ಲ. ಆಮೇಲೆ ಮುದುಕ ತಂದು ನೇತು ಹಾಕಿದ. ದಿನಾ ಅವನೇ ತಾನೆ ಒಯ್ಯೋದು, ತರೋದು."

ಅದು ಎಲ್ಲರಿಗೂ ಗೊತ್ತಿದ್ದದ್ದೇ. ಫರ್ಗಸ್ ಒಂದು ಕಾಲದಲ್ಲಿ ಇದೇ ಶೆಡ್ಡಿನ ಅಗ್ರಗಣ್ಯ. ಈಗ ಬೆನ್ನು ಹೋಗಿ, ಕುರಿಗಳನ್ನು ದೊಡ್ಡಿಗೆ ಅಟ್ಟುವ ಕೆಲಸ ಮಾಡಿಕೊಂಡು ಮಗನ ಹಿಂದೆ ಶೆಡ್ಡಿನಿಂದ ಶೆಡ್ಡಿಗೆ ಅಲೆಯುತ್ತಿದ್ದ. ಮಗನ ತಂತಿ, ಮಗನ ಟವೆಲು, ಮಗನ ಚಹಾ ಎಲ್ಲ ಅವನದೇ ಉಸ್ತುವಾರಿ. "ಅಪ್ಪ, ನಿನ್ನ ಕಾಲ ಮುಗೀತು, ಸುಮ್ನಿರು" ಎಂದು ನೆವಿಲ್ ದಿನಕ್ಕೆ ಹತ್ತು ಸಲ ರೇಗುತ್ತಿದ್ದ. ಮುದುಕ ನಕ್ಕು ಸುಮ್ಮನಾಗುತ್ತಿದ್ದ.

ಶೆಡ್ಡಿಗೆ ವಾಪಸು ನಡೆಯುವಾಗ ಹೊರೇಸ್ ಒಂದೇ ಒಂದು ಮಾತಾಡಿದ. "ಕ್ಲೆಮ್, ಇದನ್ನ ಬಿಡಿಸದೇ ಇದ್ದಿದ್ರೆ ಚೆನ್ನಾಗಿತ್ತು."

ಮೂರೂವರೆಗೆ ಎಲ್ಲರೂ ಮಾಲೀಕರ ಮನೆಯ ಜಗುಲಿಯಲ್ಲಿ ಸೇರಿದೆವು. ಕಿಟಕಿಯ ಒಳಗೆ ರೇಡಿಯೋ ಇತ್ತು. ಡಗಾಲ್ ಗಡಿಯಾರ ನೋಡುತ್ತಾ ಅದರ ಪಕ್ಕ ನಿಂತಿದ್ದ. ಹೇಮಿ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ; ಅವನ ಸುತ್ತ ಆರಡಿ ಜಾಗ ಖಾಲಿ. ಫರ್ಗಸ್ ಮುಂದಿನ ಬೆಂಚಿನಲ್ಲಿದ್ದ.

"ಮೊದಲು ಇದು," ಎಂದು ಹೊರೇಸ್ ಬಾಚಣಿಗೆ ಎತ್ತಿ ಹಿಡಿದ. "ಹೇಮಿ ಇದರ ತಿರುಪು ಸಡಿಲ ಮಾಡಿದ್ದ ಅಂತ ನೀವೆಲ್ಲ ಹೇಳ್ತೀರಿ. ಬೆಳಿಗ್ಗೆ ಇದನ್ನ ಬಿಚ್ಚೋಕೆ ನಂಗೆ ಎರಡು ಕೈ ಬೇಕಾಯ್ತು. ಕ್ಲೆಮ್ ನೋಡಿದ್ದಾನೆ. ಸಡಿಲ ಇರ್ಲಿಲ್ಲ."

"ಹಾಗಾದ್ರೆ ಬೇರೇನೋ ಮಾಡಿರ್ತಾನೆ," ಎಂದ ಡಗಾಲ್.

"ಎರಡು ಗೀರು ನೋಡಿ. ಕಟ್ಟರನ್ನ ಒತ್ತಿ ಹಿಡಿಯೋ ಕವಲು ಇದೆಯಲ್ಲ, ನಾವು ಕೋಳಿಕಾಲು ಅಂತೀವಿ, ಅದರ ಉಗುರು ಕಟ್ಟರಿನ ತೂತಲ್ಲಿ ಕೂತಿರುತ್ತೆ. ಕಟ್ಟರ್ ತೀರಾ ತೆಳುವಾದ್ರೆ ಉಗುರು ಆಚೆ ತೂರಿ ಬಾಚಣಿಗೆಯನ್ನ ಗೀರುತ್ತೆ, ಒಂದಲ್ಲ ಒಂದು ಸಲ ಸಿಕ್ಕಿಹಾಕ್ಕೊಳ್ಳುತ್ತೆ. ನೆವಿಲ್‌ನ ಕೈ ಕತ್ತರಿಸಿದ್ದು ಒಂದು ತೆಳು ಕಟ್ಟರ್. ಎಣ್ಣೆಯಲ್ಲ, ತಿರುಪಲ್ಲ."

"ಅದನ್ನೇ ಇವನು ತಂತಿಗೆ ಸೇರಿಸಿದ!" ಎಂದು ಫರ್ಗಸ್ ಎದ್ದು ನಿಂತ.

"ಕೂತ್ಕೋ ಫರ್ಗಸ್. ಅಪಘಾತ ಆದ್ಮೇಲೆ ತಂತಿಯಲ್ಲಿ ಇಪ್ಪತ್ನಾಲ್ಕು ಇತ್ತು. ಯಂತ್ರದಲ್ಲಿ ಒಂದು. ಒಟ್ಟು ಇಪ್ಪತ್ತೈದು." ನನ್ನ ಕಿವಿ ಬಿಸಿಯಾಯಿತು. "ಕೇಡು ಮಾಡೋನು ಒಂದನ್ನ ತೆಗೆದು ಒಂದನ್ನ ಇಡ್ತಾನೆ, ಲೆಕ್ಕ ತಪ್ಪಬಾರದು ಅಂತ. ಇದನ್ನ ಇಟ್ಟೋನು ಏನೂ ತೆಗೆದಿಲ್ಲ. ಬರೀ ಕೊಟ್ಟಿದ್ದಾನೆ."

ಹೊರೇಸ್ ಕಟ್ಟರನ್ನು ಬೆಳಕಿಗೆ ಹಿಡಿದ.

"ಮುಂದೆ. ಈ ಕಟ್ಟರಿನ ಮೈಮೇಲಿನ ಎಳೆ ನಿನ್ನೆ ಮಧ್ಯಾಹ್ನ ನಾನು ಅಂಟಿಸಿದ ಹೊಸ ಹಾಳೆಯದು. ಅಂದ್ರೆ ಊಟದ ಹೊತ್ತಿಗೆ ತಂತಿ ನನ್ನ ಸಾಣೆಗೆ ಬರೋ ಮುಂಚೇನೇ ಇದು ಅದಕ್ಕೆ ಸೇರಿತ್ತು. ಕೇಡು ಬಯಸೋನು ಇದನ್ನ ಸಾಣೆಗಾರನ ಕಣ್ಣಿಗೆ ಬೀಳೋಕೆ ಬಿಡ್ತಾನಾ? ಆಮೇಲೆ ಕದ್ದು ಸೇರಿಸ್ತಾನೆ. ಹೇಮಿ ಯಂತ್ರದ ಹತ್ರ ಇದ್ದಾಗ ತಂತಿಯೇ ಅಲ್ಲಿರ್ಲಿಲ್ಲ. ಇದನ್ನ ಇಟ್ಟೋನಿಗೆ ಇದು ಹರಿತವಾಗ್ಬೇಕಿತ್ತು. ಚೆನ್ನಾಗಿ ಕತ್ತರಿಸ್ಬೇಕಿತ್ತು. ಅದಕ್ಕೇ ತಂತಿಯ ಬಾಯಿಗೇ ಪೋಣಿಸಿದ, ಇನ್ನೂರರ ಓಟಕ್ಕೆ ಇದೇ ಮೊದಲು ಕೈಗೆ ಸಿಗಲಿ ಅಂತ. ಇವನು ನೆವಿಲ್ ಗೆಲ್ಲಲಿ ಅಂತ ಹಾರೈಸಿದೋನು."

ನಾನು ಫರ್ಗಸ್‌ನ ಕಡೆ ನೋಡಿದೆ. ಅವನ ಮುಖದಲ್ಲಿ ಇನ್ನೂ ಬರೀ ಗೊಂದಲವಿತ್ತು. ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿಕೊಳ್ಳುತ್ತಾನೆ, ಇವನು ಮುಟ್ಟಿಕೊಳ್ಳಲಿಲ್ಲ. ದೇವರಾಣೆ, ಅವನಿಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ.

ಹೊರೇಸ್ ಕಟ್ಟರನ್ನು ತಿರುಗಿಸಿ ಅವನ ಅಂಗೈಯಲ್ಲಿಟ್ಟ. "ಬೆನ್ನು ನೋಡು. ಮುದ್ರೆ ಪೂರ್ತಿ ಸವೆದಿದೆ. ಸಾಣೆ ಅಲ್ಲಿಗೆ ತಾಗಲ್ಲ. ವರ್ಷಗಟ್ಟಲೆ ಯಾರೋ ಹೆಬ್ಬೆರಳಲ್ಲಿ ಉಜ್ಜಿದ್ದಾರೆ. ಫರ್ಗಸ್, ನಿನ್ನ ವೇಸ್ಟ್‌ಕೋಟಿನ ಜೇಬಲ್ಲಿ ಏನಿರ್ತಿತ್ತು? ಬೆಳಿಗ್ಗೆಯಿಂದ ನಿನ್ನ ಬೆರಳು ಅದನ್ನೇ ಹುಡುಕ್ತಿದೆ."

ಮುದುಕ ಅಂಗೈ ನೋಡಿಕೊಂಡ.

"ಮೂವತ್ತೊಂದನೇ ಇಸವಿ," ಎಂದ, ಬಹಳ ಮೆಲ್ಲಗೆ. "ಇದೇ ಶೆಡ್ಡು. ಇನ್ನೂರ ಹದಿನೇಳು ಕುರಿ. ಅವತ್ತಿನ ಕಡೇ ಕಟ್ಟರ್. ಬೆಣ್ಣೆ ಹಂಗೆ ಓಡ್ತಿತ್ತು ಹೊರೇಸ್. ಕೊಟ್ರೆ ಅವನು ತಗೋತಿರ್ಲಿಲ್ಲ. ನಿನ್ನ ಕಾಲ ಮುಗೀತು ಅಂತಿದ್ದ. ಅದಕ್ಕೇ ಹೇಳದೆ ಪೋಣಿಸಿದೆ. ಗೆದ್ದ ಮೇಲೆ ಹೇಳೋಣ ಅಂತ..." ಅವನು ತಲೆ ಎತ್ತಿದ. "ಇದಲ್ಲ. ಇದು ನನ್ನ ಅದೃಷ್ಟದ ಕಟ್ಟರ್. ಇದು ಹಂಗೆ ಮಾಡಲ್ಲ."

ಮುದುಕ ಗೀರು ಬಿದ್ದ ಬಾಚಣಿಗೆಯನ್ನು ಕೇಳಿ ತೆಗೆದುಕೊಂಡ, ಅದರ ಮೇಲೆ ಕಟ್ಟರ್ ಇಟ್ಟು ಅತ್ತಿತ್ತ ಸರಿಸಿ ನೋಡಿದ. ನಲವತ್ತು ವರ್ಷ ಆ ಕೆಲಸ ಮಾಡಿದ ಕೈ. ಅದಕ್ಕೆ ಇನ್ನೊಬ್ಬರು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಬೆಂಚಿನ ಮೇಲೆ ಕುಸಿದ.

"ಇನ್ನೊಂದು ಉಳಿದಿದೆ," ಎಂದ ಹೊರೇಸ್. "ಈ ಕಟ್ಟರ್ ಇನ್ನೊಂದು ಸಾಣೆ ತಡೀತಿರ್ಲಿಲ್ಲ. ಕಡೇ ಸಾಣೆ ಹಿಡಿದೋನು ನಾನು. ಬೆರಳಿಗೆ ಸಿಕ್ಕ ಕೂಡ್ಲೇ ಡಬ್ಬಕ್ಕೆ ಎಸೀಬೇಕಿತ್ತು. ಮೂವತ್ತು ವರ್ಷದಲ್ಲಿ ಒಂದನ್ನೂ ಬಿಟ್ಟಿಲ್ಲ. ನಿನ್ನೆ ಕ್ಲೆಮ್ ಏನೋ ಹೇಳಿ ನಗಿಸ್ತಿದ್ದ, ನಾನು ನಗ್ತಾ ಹಿಡಿದೆ. ತಪ್ಪಿನ ಪಾಲು ಹಾಕೋದಾದ್ರೆ ನಂದೇ ದೊಡ್ಡದು."

ನಾನು ಹೇಳಿದ್ದು ಪಾದ್ರಿ ಮತ್ತು ಟಗರಿನ ಕತೆ. ಅಷ್ಟು ಒಳ್ಳೆಯ ಕತೆಯೂ ಅಲ್ಲ. ಅಂದಿನಿಂದ ಅದನ್ನು ನಾನು ಯಾರಿಗೂ ಹೇಳಿಲ್ಲ.

ಒಳಗೆ ರೇಡಿಯೋ ಗೊರಗುಟ್ಟಿತು. ನಾಲ್ಕು ಗಂಟೆಯಾಗಿತ್ತು. ನರ್ಸಿನ ದನಿ ಬಂತು, ಆಮೇಲೆ ನೆವಿಲ್‌ನ ದನಿ. ಮದ್ದಿನ ಮಂಪರಿನಲ್ಲಿ ನಾಲಗೆ ತೊದಲುತ್ತಿತ್ತು.

"ಅಪ್ಪ ಇದಾನಾ? ಅಪ್ಪ, ಹೆಸರು ಹೇಳು. ಆ ಹೇಮಿನೇ ತಾನೆ? ಎಲ್ಲರಿಗೂ ಕೇಳೋ ಹಾಗೆ ಹೇಳು."

ಡಗಾಲ್ ಹಿಂದೆ ಸರಿದ. ಫರ್ಗಸ್ ಎದ್ದು ಹೋದ, ಯಾರೂ ಅವನನ್ನು ಹಿಡಿದುಕೊಳ್ಳಲಿಲ್ಲ. ಗುಂಡಿ ಒತ್ತಿದ.

"ನೆವಿಲ್. ಹೇಮಿ ಅಲ್ಲ ಕಣೋ. ನಾನು. ನನ್ನ ಹಳೇ ಕಟ್ಟರ್ ನಿನ್ನ ತಂತಿಗೆ ಹಾಕಿದ್ದೆ. ನಾನು ಕಣೋ."

ಗುಂಡಿ ಬಿಟ್ಟ.

"ಇಲ್ಲ," ಎಂದಿತು ನೆವಿಲ್‌ನ ದನಿ. "ಇಲ್ಲಪ್ಪ. ನೀನಲ್ಲ. ಯಾರೋ ನಿನ್ನ ಕೈಲಿ ಹೀಗೆ ಹೇಳಿಸ್ತಿದಾರೆ. ನಂಗೆ ಈ ಕೈ ಹೋಗಿದ್ದು ಸಾಕು. ನೀನು ಅಂತ ಹೇಳ್ಬೇಡ. ಅವನೇ. ಅವನೇ ಮಾಡಿದ್ದು."

ಹೊರೇಸ್ ಫರ್ಗಸ್‌ನ ಹೆಗಲ ಮೇಲಿಂದ ಕೈ ಚಾಚಿ ಗುಂಡಿ ಒತ್ತಿದ. "ಸಾಣೆಗಾರ ಪೆಂಡ್ರಿ ಮಾತಾಡ್ತಿದ್ದೀನಿ. ಮುದುಕ ಹೇಳಿದ್ದು ನಿಜ. ಹೇಮಿ ಪರಾಟೆನೆ ನಿರಪರಾಧಿ. ಎಲ್ಲರೂ ಕೇಳಿಸ್ಕೊಳ್ಳಿ."

ಕೇಳಿಸಿಕೊಂಡರು. ಯಾವುದೋ ಶೆಡ್ಡಿನಿಂದ, ಎಲ್ಲಿಯದೆಂದು ಇಂದಿಗೂ ಗೊತ್ತಿಲ್ಲ, ಒಂದು ಗಡಸು ದನಿ ನಡುವೆ ತೂರಿತು. "ಆ ಮುದುಕಪ್ಪನಿಗೆ ಅದೆಷ್ಟು ಹೆದರಿಸಿದ್ದಾರೋ, ಪಾಪ."

ಹೇಮಿ ಮೆಟ್ಟಿಲಿನಿಂದ ಎದ್ದ. ಹೊರೇಸ್‌ನ ಕೈ ಕುಲುಕಿದ, ನನ್ನದನ್ನೂ ಕುಲುಕಿದ. ಡಗಾಲ್ ತಲೆ ತಗ್ಗಿಸಿ, "ನಾಳೆಯಿಂದ ನಿನ್ನ ಸ್ಥಾನ ನಿಂಗೇ ಇದೆ ಕಣಪ್ಪ," ಎಂದ.

"ಯಾರ ಪಕ್ಕ?" ಎಂದ ಹೇಮಿ. ಆ ಸಂಜೆಯ ಅಂಚೆ ಲಾರಿಯಲ್ಲೇ ಅವನು ಹೊರಟುಹೋದ. ಪಾರೂ ನದಿಯ ಈಚೆ ಆ ವರ್ಷ ಅವನಿಗೆ ಒಂದು ಶೆಡ್ಡೂ ಸಿಗಲಿಲ್ಲವೆಂದು ಆಮೇಲೆ ತಿಳಿಯಿತು. ಎರಡು ಮಾತು ಕೇಳಿದ ಜನ ತಮಗೆ ಬೇಕಾದದ್ದನ್ನು ಇಟ್ಟುಕೊಂಡಿದ್ದರು. ಹೊರೇಸ್ ಎಂಟು ಗುತ್ತಿಗೆದಾರರಿಗೆ ಕಾಗದ ಬರೆದ. ಒಬ್ಬನೂ ಜವಾಬು ಕೊಡಲಿಲ್ಲ.

ಜಗುಲಿ ಖಾಲಿಯಾದ ಮೇಲೆ ನಾನು ಕಿಟಕಿಯಲ್ಲಿ ಇಣುಕಿದೆ. ಫರ್ಗಸ್ ಇನ್ನೂ ರೇಡಿಯೋದ ಮುಂದೆ ಬಾಗಿ ನಿಂತಿದ್ದ. "ನಾನು ಕಣೋ ನೆವಿಲ್. ನಂಬೋ. ನಾನೇ," ಎಂದು ಹೇಳುತ್ತಲೇ ಇದ್ದ. ಗುಂಡಿಯಿಂದ ಬೆರಳು ತೆಗೆದರೆ ಮಾತ್ರ ಆ ಕಡೆಯ ಮಾತು ಕೇಳಿಸುತ್ತದೆ. ಅವನು ತೆಗೆಯಲೇ ಇಲ್ಲ.